ಕೋಪ ಜಾಸ್ತಿ, ಮನಸ್ಸು ಬೆಣ್ಣೆ

ಮಾನ ಹೋಗೋ ಪ್ರಸಂಗ ಬೇರೆಯವರಿಗೆ ವರ್ಷಕ್ಕೊಂದು ಬಂದ್ರೆ ಹೆಚ್ಚು. ನನಗೆ ಮಾತ್ರ ಅವು ಮನೆ ವಿಳಾಸ ಹುಡುಕಿಕೊಂಡು ಬರ್ತವೆ. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಮಟಿಯೋ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾಲ್ಕು ವರ್ಷ ಕೆಲಸಕ್ಕಿದ್ದೆ. ಆ ನಾಲ್ಕು ವರ್ಷದಲ್ಲಿ ಬಂದಷ್ಟು ಪ್ರಸಂಗಗಳು ಮೈಸೂರಿನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದಾಗಲೂ ಬಂದಿರಲಿಲ್ಲ.

ಈಗ ನಾವಿರೋ ಲಾಸ್ ಆಲ್ಟೋಸ್‌ನಲ್ಲಿ ಯಾರದಾದ್ರೂ ಮನೇಲಿ ಸತ್ಯನಾರಾಯಣ ಪೂಜೆ ಆಗಿ ಊಟ ಮುಗಿದರೆ ಸಾಕು, "ರೀ, ಆ ಫ್ರಿಜ್ಜಿನವನ ಕತೆ ಹೇಳ್ರೀ" ಅಂತ ಶುರು ಮಾಡ್ತಾರೆ. ಹೇಳ್ತೀನಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗ್ತಾರೆ, ನಾನೂ ನಗ್ತೀನಿ. ಆದ್ರೆ ಪೂರ್ತಿ ಯಾವತ್ತೂ ಹೇಳಿಲ್ಲ. ಒಂದು ಹಂತಕ್ಕೆ ಬಂದಾಗ ಕಿವಿ ಬಿಸಿಯಾಗುತ್ತೆ, "ತಡೀರಿ, ಕಾಫಿಗೆ ಇಡ್ತೀನಿ" ಅಂತ ಎದ್ದು ಅಡುಗೆಮನೆಗೆ ಹೋಗಿಬಿಡ್ತೀನಿ. ಬೇರೆಯವರ ಮನೆ ಅಡುಗೆಮನೆಗೂ ಹೋಗಿದ್ದೀನಿ.

ಇವತ್ತು ಪೂರ್ತಿ ಬರೀತೀನಿ. ಇದರಲ್ಲೆಲ್ಲ ಇರೋರು ಒಬ್ಬರೇ, ನಮ್ಮ ಲ್ಯಾಬಿನ ಸೀನಿಯರ್. ಕಪ್ಪು ಅಮೆರಿಕನ್ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಎತ್ತರದ ಆಳು. ಓಕ್‌ಲ್ಯಾಂಡಿನಿಂದ ದಿನಾ ಕೊಲ್ಲಿಯ ಮೇಲಿನ ಬ್ರಿಜ್ಜು ದಾಟಿಕೊಂಡು ಕೆಲಸಕ್ಕೆ ಬರೋರು, ಆಗಲೇ ಹದಿನಾಲ್ಕು ವರ್ಷ ಸರ್ವೀಸು. ಮನೇಲಿ ನಾನು ಅವರನ್ನ ‘ಅವಳು’ ಅಂತಿದ್ದೆ. ಅದೂ ಒಂದು ನಾಚಿಕೆಯೇ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಫ್ರಿಜ್ಜಿನವನು

ಮೊದಲನೇ ದಿನ. ರೇಷ್ಮೆ ಸೀರೆ, ಅದರ ಮೇಲೆ ನಮ್ಮನೆಯವರ ಮಳೆಕೋಟು, ಕೈಯಲ್ಲಿ ನೀರು ಸೋರುತ್ತಿದ್ದ ಛತ್ರಿ, ಕಂಕುಳಲ್ಲಿ ಸರ್ಟಿಫಿಕೇಟುಗಳ ಫೈಲು. "ಎಲ್ಲ ತಗೊಂಡು ಹೋಗು, ಅಮೆರಿಕದೋರು ಯಾವುದು ಕೇಳ್ತಾರೋ ಗೊತ್ತಿಲ್ಲ" ಅಂದಿದ್ರು ನಮ್ಮನೆಯವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ರಂಗೋಲಿ ಸ್ಪರ್ಧೆ ಬಹುಮಾನದವರೆಗೆ ಎಲ್ಲ ಇತ್ತು.

ಲ್ಯಾಬಿನಲ್ಲಿ ಇಬ್ಬರಿದ್ದರು. ಒಬ್ಬ ಬಿಳಿಯ, ಜೇಬಲ್ಲಿ ಎರಡು ಪೆನ್ನು, ರಕ್ತದ ಬಾಟಲಿ ಇಡುವ ದೊಡ್ಡ ಫ್ರಿಜ್ಜಿನೊಳಗೆ ಅರ್ಧ ಮೈ ತೂರಿಸಿ ಏನೋ ಪರೀಕ್ಷೆ ಮಾಡ್ತಿದ್ದ. ಇನ್ನೊಬ್ಬರು ಬಿಳಿ ಕೋಟು ಹಾಕಿದ ಕಪ್ಪು ಹೆಂಗಸು, ಸ್ಪಿರಿಟ್ಟಿನಲ್ಲಿ ಮೇಜು ಒರೆಸ್ತಿದ್ರು. ನನ್ನ ತಲೆ ಒಂದು ಸೆಕೆಂಡೂ ಯೋಚನೆ ಮಾಡಲಿಲ್ಲ ನೋಡಿ. ಸೀದಾ ಅವನ ಹತ್ತಿರ ಹೋಗಿ ಕೈ ಮುಗಿದು "ಗುಡ್ ಮಾರ್ನಿಂಗ್ ಸರ್" ಅಂದು ಫೈಲು ಕೊಟ್ಟೆ. ಪಕ್ಕದಲ್ಲಿದ್ದ ಹೆಂಗಸಿಗೆ ಛತ್ರಿ ಕೊಟ್ಟು "ಇದನ್ನ ಎಲ್ಲಾದ್ರೂ ಇಟ್ಟುಬಿಡಿ" ಅಂದೆ.

ಅವನು ಗ್ಲೋವ್ಸ್ ಬಿಚ್ಚಿ ಒಂದೊಂದೇ ಹಾಳೆ ತಿರುವಿ ಹಾಕಿದ. "ಗಣಿತದಲ್ಲಿ ತೊಂಬತ್ತೆರಡಾ! ನನಗೆ ಗಣಿತ ತಲೆಗೇ ಹತ್ತಲಿಲ್ಲ" ಅಂದ. ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಎಷ್ಟು ವಿನಯ ಅಂದುಕೊಂಡೆ. ಆ ಹೆಂಗಸು ಛತ್ರಿಯನ್ನ ಸಿಂಕಿನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು, ಗಂಭೀರವಾಗಿ ಅವನನ್ನ ಕೇಳಿದರು. "ಹೇಗೆ, ಈಕೆಯನ್ನ ನಾನು ಕೆಲಸಕ್ಕೆ ತಗೋಬಹುದಾ?"

ಅವನು ಫೈಲು ಮುಚ್ಚಿದ. "ನನ್ನದೇನೋ ಒಪ್ಪಿಗೆ. ಆದ್ರೆ ನಿಮ್ಮ ಫ್ರಿಜ್ಜಿನ ಕಂಪ್ರೆಸರ್ ಹೋಗಿದೆ."

ಕಾರಿನ ಬಾಗಿಲು

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮೋರು ಮೊದಲು ಕಲಿಸಿದ ಪಾಠ ಎರಡು. ಹಾಲು ಎಲ್ಲಿ ಅಗ್ಗ, ಮತ್ತು ಓಕ್‌ಲ್ಯಾಂಡಿಗೆ ಹೋದ್ರೆ ಅಲ್ಲಿ ಕಪ್ಪು ಜನ ಜಾಸ್ತಿ, ಕಾರಿನ ಬಾಗಿಲು ಲಾಕ್ ಮಾಡ್ಕೊ. ಪಾಠ ಕಲಿಸಿದೋರಲ್ಲಿ ಒಬ್ಬರೂ ಓಕ್‌ಲ್ಯಾಂಡಿನಲ್ಲಿ ಕಾರು ನಿಲ್ಲಿಸಿದವರಲ್ಲ.

ಒಂದು ದಿನ ಸೀನಿಯರ್ ಕಾರು ಕೈಕೊಟ್ಟಿತು. ನನಗೆ ಲೈಸೆನ್ಸು ಬಂದು ಆಗಷ್ಟೇ ಒಂದು ತಿಂಗಳು. ಧಿಮಾಕಿಗೆ "ನಾನು ಬಿಡ್ತೀನಿ ಬನ್ನಿ" ಅಂದೆ. ಬ್ರಿಜ್ಜಿನ ಮೇಲೆ ಉದ್ದಕ್ಕೂ ಅವರು ನಗಿಸಿದ್ದೇ ನಗಿಸಿದ್ದು. ಫ್ರೀವೇ ಇಳಿದು ಅವರ ಬೀದಿಗೆ ತಿರುಗಿದೆವು. ನನಗೆ ಗೊತ್ತಿಲ್ಲದಂತೆ ನನ್ನ ಎಡಗೈ ಮೊಣಕೈ ಹೋಗಿ ಲಾಕ್ ಒತ್ತಿತು. ಟಕ್.

ಅವರು ನೋಡಿದರು. ತಮ್ಮ ಕಡೆ ಲಾಕನ್ನೂ ಒತ್ತಿದರು. ಆಮೇಲೆ ಹಿಂದಕ್ಕೆ ತಿರುಗಿ, ಆ ಎತ್ತರದ ಮೈ ಬಗ್ಗಿಸಿ, ಹಿಂದಿನ ಎರಡು ಬಾಗಿಲನ್ನೂ ಲಾಕ್ ಮಾಡಿದರು. "ಒಳ್ಳೇ ಕೆಲಸ ಮಾಡಿದೆ. ಈ ಬೀದೀಲಿ ಒಬ್ಬ ಹೆಂಗಸಿದ್ದಾಳೆ. ಹೊಸಬರು ಸಿಕ್ಕಿದ್ರೆ ಬಿಡೋದೇ ಇಲ್ಲ" ಅಂದ್ರು. ಕಾರು ನಿಲ್ಲಿಸಿದೆನೋ ಇಲ್ಲವೋ, ಏಪ್ರನ್ ಕಟ್ಟಿದ ಅಜ್ಜಿಯೊಬ್ಬರು ಬಂದು ನನ್ನ ಕಿಟಕಿ ಗಾಜು ಬಡಿದರು.

"ಅವಳೇ," ಅಂದ್ರು ಸೀನಿಯರ್. "ನಮ್ಮಮ್ಮ."

ಎರಡು ಗಂಟೆ ನನ್ನನ್ನ ಬಿಡಲಿಲ್ಲ ಆ ತಾಯಿ. ನಾನು ಮಾಂಸ ತಿನ್ನಲ್ಲ ಅಂತ ಗೊತ್ತಾದಾಗ ನನ್ನ ಕೈ ಹಿಡಿದು "ಏನು ತಪ್ಪು ಮಾಡಿದ್ಯಮ್ಮ? ಯಾರು ಕೊಟ್ಟ ಶಿಕ್ಷೆ ಇದು?" ಅಂತ ಕೇಳಿದರು. ಹಾಗೇ ಆ ಕೈಯನ್ನ ಮಗಳ ಕೈ ಪಕ್ಕಕ್ಕಿಟ್ಟು, "ಅಕ್ಕತಂಗೀರ ಹಾಗಿದ್ದೀರಲ್ಲ" ಅಂದ್ರು. ಹೆಣ್ಣು ನೋಡೋಕೆ ಬಂದವರಿಗೆ ನಮ್ಮಮ್ಮ ‘ಎಣ್ಣೆಗೆಂಪು’ ಅಂತ ಹೇಳಿದ್ದ ನನ್ನ ಬಣ್ಣ. ಕಿಟಕಿ ಬೆಳಕಿನಲ್ಲಿ ನೋಡ್ತೀನಿ, ಇಬ್ಬರಲ್ಲಿ ನಾನೇ ಹೆಚ್ಚು ಕಪ್ಪು. ಆ ಲಾಕ್ ಒತ್ತಿದ ಮೊಣಕೈಯನ್ನ ಎಲ್ಲಿ ಬಚ್ಚಿಡಲಿ ಅನ್ನಿಸಿತು.

ಗೆಣಸಿನ ಪೈ ಅನ್ನೋ ಸಿಹಿ ಕಟ್ಟಿಸಿಕೊಂಡು ಮನೆಗೆ ಬಂದೆ. ನಮ್ಮನೆಯವರು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. "ಓಕ್‌ಲ್ಯಾಂಡಿಗಾ ಹೋಗಿದ್ದೆ? ಏನಾದ್ರೂ ಕಿತ್ಕೊಂಡ್ರಾ?"

"ಹೂಂ, ನಮ್ಮನೆ ವಿಳಾಸ. ಭಾನುವಾರ ಊಟಕ್ಕೆ ಬರ್ತಾರಂತೆ."

ಮಹಾರಾಣಿ ಮರ್ಯಾದೆ

ಲ್ಯಾಬಿನ ಹುಡುಗಿಯೊಬ್ಬಳು ಬಸುರಿ. ಉಡುಗೊರೆ ತರೋಕೆ ಊಟದ ಬಿಡುವಿನಲ್ಲಿ ನಾವಿಬ್ಬರೂ ಪೇಟೆಯ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟ ಕ್ಷಣದಿಂದ ಅಂಗಡಿಯಾಕೆ ಒಬ್ಬಳು ಸೀನಿಯರ್ ಹಿಂದೆಯೇ ಬಂದಳು. ಅವರು ಮಗುವಿನ ಟೋಪಿ ಮುಟ್ಟಿದ್ರೆ ಇವಳು ಪಕ್ಕದಲ್ಲಿ. ಅವರು ಕಂಬಳಿ ಕಡೆ ಹೋದ್ರೆ ಇವಳೂ ಕಂಬಳಿ ಕಡೆ. ನನ್ನನ್ನ ಮಾತ್ರ ಕ್ಯಾರೇ ಅನ್ನೋರಿಲ್ಲ.

ನನಗೆ ಹೊಟ್ಟೆಯುರಿ ಬಂತು, ಸತ್ಯವಾಗ್ಲೂ. "ನಿಮಗೆ ಇಲ್ಲಿ ಎಷ್ಟು ಮರ್ಯಾದೆ ಕೊಡ್ತಾರೆ! ನಾನು ಮೂರು ಸಲ ಬಂದಿದ್ದೀನಿ, ಒಬ್ಬರೂ ಹೀಗೆ ಜೊತೇಲಿ ನಿಂತು ತೋರಿಸಿಲ್ಲ" ಅಂದೆ.

ಅವರು ನನ್ನ ಮುಖ ನೋಡಿದರು, ತಮಾಷೆ ಮಾಡ್ತಿದ್ದೀನಾ ಅಂತ. ನಾನು ತಮಾಷೆ ಮಾಡ್ತಿಲ್ಲ ಅಂತ ಗೊತ್ತಾಗಿ, ಬಟ್ಟೆ ನೇತು ಹಾಕುವ ಕಂಬಿ ಹಿಡಿದುಕೊಂಡು ನಗೋಕೆ ಶುರು ಮಾಡಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ತಿರುಗಿ, ತಮ್ಮ ಕೈಚೀಲವನ್ನ ಅಂಗಡಿಯಾಕೆಯ ಕೈಗೆ ಕೊಟ್ಟು ತುಂಬ ಮರ್ಯಾದೆಯಿಂದ ಹೇಳಿದರು. "ಹೇಗಿದ್ರೂ ಜೊತೆಯಲ್ಲೇ ಬರ್ತಿದ್ದೀರಲ್ಲ, ಇದನ್ನ ಸ್ವಲ್ಪ ಹಿಡ್ಕೊಳ್ಳಿ."

ಆಕೆ ಹಿಂದೆ ಬಂದಿದ್ದು ಕಪ್ಪು ಹೆಂಗಸು ಕದೀತಾಳೆ ಅಂತ ಕಾಯೋಕೆ, ಅದಕ್ಕೇ ಕೆಂಪಾದಳು ಅಂತ ನನಗೆ ತಿಳಿಯೋಕೆ ಎಂಟು ದಿನ ಬೇಕಾಯಿತು. ಅಷ್ಟರಲ್ಲಿ ನಾನು ಅಪಾರ್ಟ್‌ಮೆಂಟಿನ ಎಲ್ಲರಿಗೂ ಆ ಅಂಗಡಿಯ ಉಪಚಾರ ಹೊಗಳಿ ಮುಗಿಸಿದ್ದೆ.

ಏಳು ಮೈಲಿ

ಆಸ್ಪತ್ರೆಯಲ್ಲಿ ಸೀನಿಯರ್ ಬಗ್ಗೆ ಎಲ್ಲರೂ ಪಿಸುಗುಟ್ಟುತ್ತಿದ್ದದ್ದು ಒಂದೇ ಮಾತು, "ಕೆಲಸಗಾತಿ, ಆದ್ರೆ ಕೋಪ." ನಾನೂ ಹೂಂಗುಟ್ಟುತ್ತಿದ್ದೆ. ಕಣ್ಣಿಂದ ನೋಡಿದ್ದೀನಾ? ಇಲ್ಲ. ಎಲ್ಲರೂ ಅಂದ್ರಲ್ಲ, ಸಾಕು.

ಒಂದು ಬೆಳಗ್ಗೆ ಡಾಕ್ಟರೊಬ್ಬರು ಹೆಸರಿನ ಚೀಟಿ ಅಂಟಿಸದ ರಕ್ತದ ಟ್ಯೂಬು ತಂದರು. "ಇದು ಯಾರದು ಅಂತ ನನಗೆ ಗೊತ್ತು, ಟೆಸ್ಟ್ ಮಾಡಿ" ಅಂದ್ರು. ಹೆಸರಿಲ್ಲದ ಟ್ಯೂಬು ಮುಟ್ಟೋ ಹಾಗಿಲ್ಲ, ರಕ್ತ ಅದಲು ಬದಲಾದ್ರೆ ರೋಗಿ ಸಾಯ್ತಾನೆ. ಸೀನಿಯರ್ ನಕ್ಕರು. "ಡಾಕ್ಟ್ರೇ, ಆಗಿನಿಂದ ಕೇಳ್ತಿದ್ದೀನಿ, ಈ ಟ್ಯೂಬು ತನ್ನ ಹೆಸರು ಹೇಳ್ತಿಲ್ಲ" ಅಂದ್ರು. ಡಾಕ್ಟರು ಮತ್ತೆ ಒತ್ತಾಯ ಮಾಡಿದರು. ಇವರು ಇನ್ನೊಂದು ಸಲ ನಗಿಸೋಕೆ ನೋಡಿದರು. ಮೂರನೇ ಸಲ ಮೆತ್ತಗೆ "ಆಗಲ್ಲ" ಅಂದ್ರು.

"ಕೂಗಾಡಬೇಡಿ!" ಅಂತ ಕೂಗಾಡಿದರು ಡಾಕ್ಟರು.

ಮಧ್ಯಾಹ್ನ ಆಸ್ಪತ್ರೆಯ ಮ್ಯಾನೇಜರು ಕರೆದು ಸೀನಿಯರ್‌ಗೆ ಬುದ್ಧಿ ಹೇಳಿದ, ಮಾತಿನ ಧಾಟಿ ಸರಿಮಾಡ್ಕೊಳ್ಳಿ ಅಂತ. ಅದೇ ವಾರ ನಮ್ಮ ಲ್ಯಾಬಿನ ಬಿಳಿಯ ಟೆಕ್ನಿಶಿಯನ್ ಒಬ್ಬ ಸಿಟ್ಟಿಗೆದ್ದು ಟ್ಯೂಬಿನ ರ‍್ಯಾಕನ್ನೇ ಗೋಡೆಗೆ ಎಸೆದಿದ್ದ. ಅವನಿಗೆ ಮ್ಯಾನೇಜರು ಹೇಳಿದ್ದು, "ಪಾಪ, ಕೆಲಸ ಜಾಸ್ತಿಯಾಗಿದೆ ನಿನಗೆ." ಊಟಕ್ಕೆ ಕೂತಾಗ ಸೀನಿಯರ್ ನನಗೆ ಅಂದ್ರು, "ತಪ್ಪು ನಂದೇ. ಎಸೀಬೇಕಾಗಿತ್ತು."

ಆಮೇಲೆ ಡಬ್ಬಿ ಮುಚ್ಚಳ ತೆಗೀತಾ ಹೇಳಿದರು. "ಒಂದು ಸಲ ‘ಆಗಲ್ಲ’ ಅನ್ನೋಕೆ ಮುಂಚೆ ನಾನು ಎರಡು ಸಲ ನಗಿಸಬೇಕು. ಹದಿನಾಲ್ಕು ವರ್ಷದಿಂದ ನಗಿಸ್ತಿದ್ದೀನಿ. ಆದ್ರೂ ಅವರಿಗೆ ಕೇಳಿಸೋದು ಮೂರನೇದು ಮಾತ್ರ."

ನಾನು ಮಹಾ ಬುದ್ಧಿವಂತೆ, ಕೇಳಿದೆ. "ಹಾಗಾದ್ರೆ ನಿಮಗೆ ಕೋಪ ಬರೋದೇ ಇಲ್ವಾ?"

"ಬರದೆ ಏನು? ಸಾಯಂಕಾಲ ಬ್ರಿಜ್ಜಿನ ಮೇಲೆ ಕಾರಿನ ಗಾಜು ಏರಿಸಿಕೊಂಡು ಬೈತೀನಿ. ಏಳು ಮೈಲಿ ಉದ್ದ ಇದೆ, ಸಾಮಾನ್ಯವಾಗಿ ಸಾಕಾಗುತ್ತೆ. ಕೆಲವು ದಿನ ಮಾತ್ರ ತಿರುಗಿಸಿಕೊಂಡು ಇನ್ನೊಂದು ಸಲ ದಾಟಬೇಕಾಗುತ್ತೆ."

ನಾನು ಬರೆದ ಪತ್ರ

ಇಷ್ಟೆಲ್ಲ ಈ ಎರಡು ಕಿವಿಯಿಂದ ಕೇಳಿದ ಮೇಲೆ ನಾನು ಮಾಡಿದ ಕೆಲಸ ಇದು.

ಲ್ಯಾಬಿನ ಮುಖ್ಯಸ್ಥರು ರಿಟೈರಾದರು. ಆ ಜಾಗ ಸೀನಿಯರ್‌ದೇ ಅಂತ ಎಲ್ಲರೂ ಮಾತಾಡಿಕೊಂಡರು. ಯಾವುದನ್ನೂ ಬೇಕು ಅಂತ ಬಾಯಿಬಿಟ್ಟು ಹೇಳದ ಅವರು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದರು, "ಇದೊಂದು ನನಗೆ ಬೇಕು ಕಣೆ." ಅವರಮ್ಮ ಮಗಳಿಗೆ ಕೆಲಸ ಸಿಕ್ಕಿದ ಭಾನುವಾರ ಚರ್ಚಿಗೆ ಹಾಕ್ಕೊಂಡು ಹೋಗೋಕೆ ಹಳದಿ ಟೋಪಿ ಕೊಂಡಿಟ್ಟಿದ್ದರು. ಲ್ಯಾಬಿನವರು ಯಾರು ಬೇಕಾದ್ರೂ ಅಭಿಪ್ರಾಯ ಬರೆದು ಕೊಡಬಹುದು ಅಂದ ಮ್ಯಾನೇಜರು.

ನಾನು ಆ ರಾತ್ರಿ ಅಡುಗೆಮನೆ ಮೇಜಿನ ಮುಂದೆ ಕೂತೆ. ಮೈಸೂರಿನಲ್ಲಿ ನಮ್ಮ ಹೆಡ್ ಮಿಸ್ಸಿನ ಬೀಳ್ಕೊಡುಗೆಗೆ ಭಾಷಣ ಬರೆದಿದ್ದು ನಾನೇ. ನಮ್ಮ ಕಡೆ ದೊಡ್ಡ ಹೆಂಗಸನ್ನ ಹೊಗಳೋ ರೀತಿ ಹೇಗೆ, ನಿಮಗೆ ಗೊತ್ತೇ ಇದೆ. ‘ಅವರ ಕೋಪಕ್ಕೆ ಇಡೀ ಶಾಲೆ ನಡುಗೋದು, ಆದ್ರೆ ಮನಸ್ಸು ಬೆಣ್ಣೆ.’ ಕೋಪ ಇಲ್ಲದ ಹೆಡ್ ಮಿಸ್ಸಿಗೆ ಯಾರು ಬೆಲೆ ಕೊಡ್ತಾರೆ? ಅದೇ ಭಾಷಣ ಇಂಗ್ಲಿಷಿಗೆ ಇಳಿಸಿದೆ. ‘ಇವರ ಕೋಪ ಎಲ್ಲರಿಗೂ ಗೊತ್ತು. ಇವರು ಬಂದರೆ ಲ್ಯಾಬೇ ನಡುಗುತ್ತದೆ. ಆದರೆ ಆ ಕೋಪ ಒಂದೇ ನಿಮಿಷದ್ದು. ಮನಸ್ಸು ಬೆಣ್ಣೆ.’ ಲ್ಯಾಬಿನಲ್ಲಿ ಒಂದು ನರಪಿಳ್ಳೆಯೂ ನಡುಗಿರಲಿಲ್ಲ. ನಡುಕ ನಾನು ಅಂದಕ್ಕೆ ಸೇರಿಸಿದ್ದು.

ನಮ್ಮನೆಯವರು ಓದಿ, "ಭೇಷ್, ಫಸ್ಟ್ ಕ್ಲಾಸಾಗಿದೆ" ಅಂತ ಟೈಪು ಮಾಡಿಕೊಟ್ಟರು. ಮ್ಯಾನೇಜರು ಓದಿ ನನ್ನ ಕೈ ಕುಲುಕಿ, "ಇಷ್ಟು ಪ್ರಾಮಾಣಿಕವಾಗಿ ಬರೆಯೋಕೆ ಧೈರ್ಯ ಬೇಕು" ಅಂದ. ನಾನು ಉಬ್ಬಿಹೋದೆ.

ಹದಿನೈದು ದಿನಕ್ಕೆ ನೋಟೀಸು ಬೋರ್ಡಿನಲ್ಲಿ ಹೆಸರು ಬಂತು. ಕೆಲಸ ಸಿಕ್ಕಿದ್ದು ಆ ರ‍್ಯಾಕು ಎಸೆದ ಪುಣ್ಯಾತ್ಮನಿಗೆ. ಅವನದು ಆರು ವರ್ಷದ ಸರ್ವೀಸು.

ಸೀನಿಯರ್ ತಮ್ಮ ಫೈಲು ನೋಡಬೇಕು ಅಂತ ಕೇಳಿ ತರಿಸಿಕೊಂಡರು. ಊಟದ ರೂಮಿನಲ್ಲಿ ನನ್ನ ಎದುರಿಗೆ ಕೂತು ಒಂದು ಹಾಳೆ ಬಿಚ್ಚಿದರು. ನನ್ನ ಪತ್ರದ ನಕಲು. ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿದರು. ನಾನು ಎಂಥ ದಡ್ಡಿ ಅಂದ್ರೆ, "ಚೆನ್ನಾಗಿ ಬಂದಿದೆ ಅಲ್ವಾ?" ಅಂತ ಕೇಳಿದೆ!

"ಎಲ್ಲರೂ ನನ್ನ ಬಗ್ಗೆ ಒಳ್ಳೇದೇ ಬರೆದಿದ್ದಾರೆ," ಅಂದ್ರು ಅವರು. "ಕೋಪ ಅಂತ ಬರೆದಿರೋದು ಇದೊಂದೇ. ಅವರಿಗೆ ಬೇಕಾಗಿದ್ದದ್ದೂ ಇದೊಂದೇ. ‘ನಾವು ಹೇಳ್ತಿಲ್ಲ, ನಿಮ್ಮ ಗೆಳತಿಯೇ ಬರೆದಿದ್ದಾಳೆ’ ಅಂದ ಮ್ಯಾನೇಜರು."

ಹೆಡ್ ಮಿಸ್ಸಿನ ಕತೆ ಹೇಳಿದೆ, ಬೀಳ್ಕೊಡುಗೆ ಹೇಳಿದೆ, ನಮ್ಮೂರಿನಲ್ಲಿ ಇದು ಹೊಗಳಿಕೆ ಅಂತ ಆಣೆ ಇಟ್ಟು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಹೆಡ್ ಮಿಸ್ಸಿಗೆ ಮೇಲಿನವರು ಯಾರು?"

"ನಮ್ಮೋರೇ. ಎಲ್ಲರೂ ನಮ್ಮೋರೇ."

"ಅದಕ್ಕೇ," ಅಂದು ಹಾಳೆ ಮಡಿಸಿದರು.

ಅವರು ನಗ್ತಾರೆ ಅಂತ ಕಾದೆ. ಏನಾದ್ರೂ ಒಂದು ತಮಾಷೆ ಮಾಡ್ತಾರೆ, ಕೈಚೀಲ ಹಿಡ್ಕೊ ಅಂತಾರೆ, ಅಮ್ಮನ ಟೋಪಿ ವಿಷಯ ಏನಾದ್ರೂ ಹೇಳ್ತಾರೆ ಅಂತ. ಊಟದ ಡಬ್ಬಿ ತೊಳೆದುಕೊಂಡು ಎದ್ದು ಹೋದರು. ಲಾಸ್ ಆಲ್ಟೋಸ್‌ನಲ್ಲಿ ನಾನು ಕಾಫಿಗೆ ಇಡೋಕೆ ಎದ್ದು ಹೋಗೋದು ಇಲ್ಲಿಯೇ.

ಹೂವು

ಮಾರನೇ ದಿನ ಮ್ಯಾನೇಜರ ರೂಮಿಗೆ ಹೋದೆ. "ನನ್ನ ಪತ್ರ ವಾಪಸ್ ಕೊಡಿ. ನಾನು ಬರೆದದ್ದಕ್ಕೆ ಆ ಅರ್ಥ ಅಲ್ಲ. ಅವರು ಒಂದು ದಿನವೂ ಕೂಗಾಡಿದೋರಲ್ಲ" ಅಂದೆ. ಮೆತ್ತಗೇ ಅಂದೆ.

ಅವನು ಕರುಣೆಯಿಂದ ನಕ್ಕ. "ನಿಮ್ಮದು ದೊಡ್ಡ ಮನಸ್ಸು. ಭಾರತದ ಹೆಂಗಸರೇ ಹಾಗೆ, ಎಷ್ಟು ಸೌಮ್ಯ! ನಿಮಗೆ ಕೋಪ ಅಂದ್ರೇನು ಅಂತಲೇ ಗೊತ್ತಿಲ್ಲ. ಅವರಂಥವರ ಜೊತೆ ಹೇಗೆ ಏಗ್ತೀರೋ."

ಅಷ್ಟೇ. ಆಮೇಲೆ ಏನಾಯಿತು ಅಂತ ಬೇರೆಯವರು ಹೇಳಿ ಗೊತ್ತಾಗಿದ್ದು. ಮೇಜು ಗುದ್ದಿದೆನಂತೆ. ಅವನ ಕಾಫಿ ಚೆಲ್ಲಿತಂತೆ. ನನ್ನ ಬಳೆ ಒಡೆದು ಚೂರು ಅವನ ಟೈಪ್‌ರೈಟರಿನೊಳಗೆ ಬಿತ್ತಂತೆ. ಇಂಗ್ಲಿಷಿನಲ್ಲಿ ಶುರು ಮಾಡಿ, ಅದು ಸಾಲದೆ ಬಂದು, "ಮುಠ್ಠಾಳ, ನಿನ್ನ ಮನೆ ಹಾಳಾಗ, ಹದಿನಾಲ್ಕು ವರ್ಷ ದುಡಿದವರ ಹೊಟ್ಟೆ ಮೇಲೆ ಹೊಡೆದ್ಯಲ್ಲೋ, ಅದೂ ನನ್ನ ಕೈಯಿಂದ ಹೊಡೆಸಿದ್ಯಲ್ಲೋ" ಅಂತ ಅಚ್ಚ ಮೈಸೂರು ಕನ್ನಡದಲ್ಲಿ ಐದು ನಿಮಿಷ ಕೂಗಿದೆ. ಇದೊಂದು ನನಗೇ ಚೆನ್ನಾಗಿ ನೆನಪಿದೆ. ಕೊನೆಗೆ ಅವನ ಪೆನ್ ಸ್ಟ್ಯಾಂಡು ಎತ್ತಿ ಗೋಡೆಗೆ ಎಸೆದೆ. ಕಾರಿಡಾರಿನಲ್ಲಿ ಜನ ಸೇರಿದ್ದರು. ಹಿಂದುಗಡೆ, ಎಲ್ಲರಿಗಿಂತ ಎತ್ತರಕ್ಕೆ, ಸೀನಿಯರ್.

ಈಗ ನನಗೆ ಮೆಮೋ ಕೊಡ್ತಾರೆ, ಕೆಲಸದಿಂದ ತೆಗೀತಾರೆ ಅಂದುಕೊಂಡೆ. ಮ್ಯಾನೇಜರು ಕುರ್ಚಿ ಎಳೆದು ಕೂರಿಸಿದ. ನೀರು ತರಿಸಿದ. ನರ್ಸೊಬ್ಬಳು ಬಂದು ಬಿ.ಪಿ. ನೋಡಿದಳು. "ಪಾಪ, ಊರಿನ ನೆನಪು ಬಂದಿರಬೇಕು" ಅಂದ ಒಬ್ಬ. ನಮ್ಮನೆಯವರಿಗೆ ಫೋನು ಹೋಯಿತು. ಮೂರು ದಿನ ಸಂಬಳ ಸಹಿತ ರಜೆ. ಎಷ್ಟೋ ದಿನ ಆದಮೇಲೆ ನಾನೂ ನನ್ನ ಫೈಲು ತರಿಸಿ ನೋಡಿದೆ. ಕೋಪ ಅನ್ನೋ ಮಾತೇ ಇಲ್ಲ. ‘ಅನಾರೋಗ್ಯ’ ಅಂತ ಬರೆದಿದ್ದರು.

ನಮ್ಮನೆಯವರು ಗಾಬರಿಯಿಂದ ಬಂದು ಕರಕೊಂಡು ಹೋದರು. "ನೀನು ಯಾರ ಮೇಲೋ ಕೂಗಾಡಿದ್ಯಾ?" ಅಂತ ಕೇಳಿದರು. "ಇಲ್ವಂತೆ, ತಲೆ ಸುತ್ತಿತ್ತಂತೆ" ಅಂದೆ.

ಮಾರನೇ ದಿನ ಮಧ್ಯಾಹ್ನ ಬಾಗಿಲಿಗೆ ಹೂವು ಬಂತು. ದೊಡ್ಡ ಗುಚ್ಛ, ಜೊತೆಗೆ ಕಾರ್ಡು. ಬೇಗ ಗುಣವಾಗಿ ಅಂತ ಎಲ್ಲರೂ ಸಹಿ ಹಾಕಿದ್ದರು, ಮ್ಯಾನೇಜರೂ, ಆ ರ‍್ಯಾಕು ಎಸೆದವನೂ. ಎಲ್ಲಕ್ಕಿಂತ ಕೆಳಗೆ ಸೀನಿಯರ್ ಅವರ ದುಂಡನೆಯ ಅಕ್ಷರ. ಓದೋಕೆ ಮುಂಚೆ ಬಾಗಿಲು ಹಾಕಿಕೊಂಡು ಕೂತೆ.

‘ನಿನ್ನ ಕೋಪ ಈಗ ಎಲ್ಲರಿಗೂ ಗೊತ್ತು. ಲ್ಯಾಬೇ ನಡುಗಿತು. ನಿನಗೆ ಹೂವು ಕಳಿಸೋಕೆ ನನ್ನಿಂದಲೂ ಎರಡು ಡಾಲರ್ ವಸೂಲಿ ಮಾಡಿದರು. ಏಳು ಮೈಲಿಯೂ ನಗ್ತಾ ಹೋದೆ, ಸಾಲದೆ ತಿರುಗಿಸಿಕೊಂಡು ಇನ್ನೊಂದು ಸಲ ದಾಟಿದೆ.’

ನಕ್ಕೆ. ನಗ್ತಾ ನಗ್ತಾ ಅಳು ಬಂತು, ಅಳುವಾಗಲೇ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲು ಇರೋದು ಕಾಣಿಸಿತು.

‘ಬರ್ಕ್ಲಿಯಲ್ಲಿ ಒಂದು ಲ್ಯಾಬಿಗೆ ಅರ್ಜಿ ಹಾಕಿದ್ದೀನಿ. ಅಮ್ಮ ಟೋಪಿ ಇನ್ನೂ ಡಬ್ಬದಲ್ಲೇ ಇಟ್ಟಿದ್ದಾಳೆ. ದಯವಿಟ್ಟು, ಈ ಸಲ ನನ್ನನ್ನ ಹೊಗಳಬೇಡ.’